ಮಾಮೂಲಿದೇ ಕೊಡಿ

ಸೀರೆ ಅಂಗಡಿಯಲ್ಲಿ ನಾವು ಮೂವತ್ತು ಸೀರೆ ಕೆಡವಿಸುತ್ತೇವೆ. ಸೆರಗು ಬಿಡಿಸಿ ಬೆಳಕಿಗೆ ಹಿಡಿಯುತ್ತೇವೆ, ಬಣ್ಣ ಹೋಗುತ್ತದೆಯೇ ಎಂದು ಕೇಳುತ್ತೇವೆ, ಕೊನೆಗೆ ಮೊದಲು ನೋಡಿದ್ದನ್ನೇ ತರುತ್ತೇವೆ, ಅದು ಬೇರೆ ಮಾತು. ಬದನೆಕಾಯಿಯನ್ನು ಒಂದೊಂದಾಗಿ ತಿರುಗಿಸಿ ಹುಳುಕು ಹುಡುಕುತ್ತೇವೆ. ನಾಲ್ಕು ಕಾಳು ಅಕ್ಕಿ ಬಾಯಿಗೆ ಹಾಕಿಕೊಂಡು ಹಳೆಯದೋ ಹೊಸದೋ ಹೇಳುತ್ತೇವೆ. ಇಂಥ ಚತುರೆಯರಾದ ನಾವು ಕಾಫಿಪುಡಿ ಅಂಗಡಿಯ ಮುಂದೆ ನಿಂತಾಗ ಮಾತ್ರ ಆಡುವುದು ಎರಡೇ ಮಾತು: "ಮಾಮೂಲಿದೇ ಕೊಡಿ."

ಈ ಮಾಮೂಲನ್ನು ಗೊತ್ತುಮಾಡಿದವರು ಯಾರು? ಯೋಚಿಸಿ ನೋಡಿ. ಬಹುಪಾಲು ಮನೆಗಳಲ್ಲಿ ಮಾವನವರು. ಅವರ ನಂತರ ಅವರ ಮಗ. ದಿನಕ್ಕೆ ಐದು ಸಲ ಫಿಲ್ಟರ್ ತೊಳೆದು, ನೀರು ಕಾಯಿಸಿ, ಬಂದವರಿಗೆಲ್ಲ ಬೆರೆಸಿ ಕೊಡುವವಳು ಮನೆಯಾಕೆ. ಯಾವ ಪುಡಿ ಎಂದು ಹೇಳುವವರು ಹೊರಗೆ ಪೇಪರ್ ಓದುತ್ತ ಕೂತವರು. ಮೊದಲನೇ ಡಿಕಾಕ್ಷನ್ನೂ ಅವರಿಗೇ. ಎರಡನೆಯದು ಮಕ್ಕಳಿಗೆ, ಮೂರನೆಯದು ಅಡುಗೆಮನೆಯಲ್ಲಿ ನಿಂತೇ ಕುಡಿಯುವವಳಿಗೆ. ನನ್ನ ತಾಯಿ ಅಪ್ಪ ಊರಲ್ಲಿಲ್ಲದ ದಿನವೂ "ಒಬ್ಬಳಿಗೆ ಯಾಕೆ ಫಿಲ್ಟರ್" ಎಂದು ನಿನ್ನೆಯ ಚರಟಕ್ಕೇ ಬಿಸಿನೀರು ಹೊಯ್ಯುತ್ತಿದ್ದರು. ಅದನ್ನು ಮಿತವ್ಯಯ ಎಂದು ಹೊಗಳುವವರಿದ್ದಾರೆ. ನನಗೆ ಆ ಹೊಗಳಿಕೆ ಕೇಳಿದರೆ ಮೈ ಉರಿಯುತ್ತದೆ.

ನಾನಿರುವುದು ಕಡೂರಿನಲ್ಲಿ. ಬಸ್ಸು ಹತ್ತಿದರೆ ಒಂದು ಗಂಟೆಯ ಆಜುಬಾಜಿನಲ್ಲಿ ಚಿಕ್ಕಮಗಳೂರು. ಸಮಾಜ ಪಾಠದಲ್ಲಿ ಪ್ರತಿ ವರ್ಷ ಬಾಯಿಪಾಠ ಮಾಡಿಸುತ್ತೇನೆ: ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ಕರ್ನಾಟಕದ್ದು, ಬಾಬಾ ಬುಡನ್ ಮೋಖಾದಿಂದ ಏಳು ಬೀಜ ತಂದರೆಂದು ಪ್ರತೀತಿ, ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಇದೆ. ಒಂದು ಸಲ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ನಮ್ಮಮ್ಮ ತೋಟದಲ್ಲಿ ಹಣ್ಣು ಕುಯ್ತಾಳೆ ಮಿಸ್, ಅದೆಲ್ಲ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದಳು. ಹೆಚ್ಚಿನದು ಹೊರದೇಶಕ್ಕೆ, ಅದರಲ್ಲೂ ಇಟಲಿಗೆ ಎಂದೆ. "ನಮ್ಮನೇಲಿ ಟೀ ಮಾಡೋದು" ಎಂದು ಹೇಳಿ ಕೂತಳು. ನವೆಂಬರಿನಿಂದ ಮಳೆ, ಇಬ್ಬನಿ, ಜಿಗಣೆ ಎನ್ನದೆ ಹಣ್ಣು ಬಿಡಿಸುವ ಕೈಗಳಲ್ಲಿ ಬಹುಪಾಲು ಹೆಂಗಸರದು. ಬಿಡಿಸುವವಳಿಗೆ ಅದರ ರುಚಿ ಗೊತ್ತಿಲ್ಲ, ಬೆರೆಸುವವಳಿಗೆ ಅದರ ಹೆಸರು ಗೊತ್ತಿಲ್ಲ.

ಗೊತ್ತಾಗದಂತೆ ಇಟ್ಟಿದ್ದಾರೆ ಎಂದರೂ ತಪ್ಪಲ್ಲ. ನಾನು ಬಹಳ ವರ್ಷದಿಂದ ಪುಡಿ ಕೊಳ್ಳುವ ಅಂಗಡಿಯಲ್ಲಿ ಒಂದು ದಿನ, "ಇದರಲ್ಲಿ ಯಾವ ಬೀಜ, ಚಿಕೋರಿ ಎಷ್ಟು?" ಎಂದು ಕೇಳಿದೆ. ಆತ ನನ್ನನ್ನು ಬಿಟ್ಟು ನನ್ನ ಪಕ್ಕ ನಿಂತ ಗಂಡಸನ್ನು ನೋಡಿ ನಕ್ಕ. "ಇಷ್ಟು ವರ್ಷ ಕುಡ್ದಿದೀರಲ್ಲ ಮೇಡಂ, ಈಗೇನು ಹೊಸದಾಗಿ?" ಹೊಸದಾಗಿಯೇ ಸ್ವಾಮಿ. ಪ್ರಶ್ನೆ ಕೇಳಲು ಸೀನಿಯಾರಿಟಿ ಲಿಸ್ಟ್ ಇದೆಯೇ?

ಕಾನೂನು ನಮ್ಮ ಕಡೆಗಿದೆ ಎಂಬುದು ಹಲವರಿಗೆ ತಿಳಿದಿಲ್ಲ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇರಲೇಬೇಕು. ಯಾವುದು ಎಷ್ಟು ಎಂದು ಪೊಟ್ಟಣದ ಮೇಲೆ ಬರೆದಿರಬೇಕು. ಅಂದರೆ 49ರವರೆಗೆ ಬೇರಿನ ಪುಡಿ ಹಾಕಿದರೂ ನ್ಯಾಯವೇ. ಚಿಕೋರಿ ಎಂದರೆ ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆಯುವ ಒಂದು ಗಿಡದ ಬೇರು. ಅದು ವಿಷವಲ್ಲ. ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಬರುತ್ತದೆ; ಆ ರುಚಿಯೇ ಬೇಕೆನ್ನುವವರು ಧಾರಾಳವಾಗಿ ಕುಡಿಯಲಿ. ನನ್ನ ಜಗಳ ಬೇರಿನ ಮೇಲಲ್ಲ, ಬಾಯಿ ಬಿಡದವರ ಮೇಲೆ. ಕಾಫಿಗಿಂತ ಎಷ್ಟೋ ಅಗ್ಗದ ವಸ್ತುವನ್ನು ಕಾಫಿಯ ತಕ್ಕಡಿಯಲ್ಲಿ ತೂಗುವಾಗ ಲೆಕ್ಕ ಹೇಳಬೇಡವೇ? ನಾನು ಓದಿದ್ದು ಬಿ.ಎ., ಬಿ.ಎಡ್., ವಿಜ್ಞಾನ ನನ್ನ ವಿಷಯವಲ್ಲ. ಆದರೂ ಒಂದು ಪರೀಕ್ಷೆ ಹೇಳುತ್ತೇನೆ, ಮಾಡಿ ನೋಡಿ. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಕಂದು ಗೆರೆ ಎಳೆಯುತ್ತ ತಳಕ್ಕೆ ಇಳಿಯುತ್ತದೆ. ನಮ್ಮ ಸ್ಟಾಫ್ ರೂಮಿನ ಲೋಟದಲ್ಲಿ ಮಳೆ ಬಂದ ಹಾಗೆ ಇಳಿಯಿತು.

ಒಂದು ಕಾಲದಲ್ಲಿ ಆರಿಸಲು ನಿಜವಾಗಿಯೂ ದಾರಿ ಇರಲಿಲ್ಲ. ಬೆಳೆಗಾರರು ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿಗೆ ಒಪ್ಪಿಸಬೇಕಿತ್ತು. ಎಲ್ಲರ ಬೀಜವೂ ಒಂದೇ ಕಣಜಕ್ಕೆ. 1992ರಿಂದ ಹಂತಹಂತವಾಗಿ ಸಡಿಲವಾಗಿ 1996ರಲ್ಲಿ ಆ ಕಟ್ಟು ಪೂರ್ತಿ ಬಿಚ್ಚಿತು. ಈಗ ಚಿಕ್ಕಮಗಳೂರು, ಮಡಿಕೇರಿ, ಮೈಸೂರು, ಬೆಂಗಳೂರುಗಳಲ್ಲಿ ತೋಟದ ಹೆಸರು, ತಳಿಯ ಹೆಸರು, ಹುರಿದ ತಾರೀಕು ಹಾಕಿ ಮಾರುವ ಸಣ್ಣ ಸಣ್ಣ ಹುರಿಯುವವರಿದ್ದಾರೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ ಭೌಗೋಳಿಕ ಗುರುತೂ ಸಿಕ್ಕಿತು, ಮೈಸೂರು ಮಲ್ಲಿಗೆಗೆ ಸಿಕ್ಕ ಹಾಗೆ. ಮಲ್ಲಿಗೆಯನ್ನು ಮೂಸಿ ಕೊಳ್ಳುವ ನಾವು ಇದನ್ನೂ ಮೂಸಿ ಕೊಳ್ಳೋಣ.

ಈ ಹೊಸಬರ ಮೇಲೂ ನನಗೆ ಸಿಟ್ಟಿದೆ. ಬೆಳೆದದ್ದು ಇಲ್ಲಿ, ಹುರಿದದ್ದು ಇಲ್ಲಿ, ಪೊಟ್ಟಣದ ಮೇಲೆ ಹುಡುಕಿದರೂ ಒಂದಕ್ಷರ ಕನ್ನಡವಿಲ್ಲ. ನಾವು ಕಾಣದ ಯಾವುದೋ ಹಣ್ಣುಗಳ ಪರಿಮಳವಿದೆ ಎಂದು ಇಂಗ್ಲಿಷಿನಲ್ಲಿ ವರ್ಣನೆ. ಹಲಸಿನ ಹಣ್ಣು, ಜೋನಿಬೆಲ್ಲ ಇವರ ಮೂಗಿಗೆ ಬೀಳುವುದಿಲ್ಲವೇ? ಹಾಲು-ಸಕ್ಕರೆ ಹಾಕಿದರೆ ಅಪಚಾರವೆಂಬ ಉಪದೇಶ ಬೇರೆ. ಊರಿನ ಹೆಂಗಸರು ಇದನ್ನು ಕೊಳ್ಳಬಹುದೆಂದು ಇವರಿಗೆ ಕನಸಿನಲ್ಲೂ ಹೊಳೆದಂತಿಲ್ಲ. ಅವರಿಗೆ ಹೊಳೆಯಲಿಲ್ಲವೆಂದು ನಾವು ಸುಮ್ಮನಿರಬೇಕಾಗಿಲ್ಲ. ಹಾಲು ಬೆರೆಸಿಯೇ ಕುಡಿಯುತ್ತೇವೆ, ಅದಕ್ಕೆ ಒಪ್ಪುವಂತೆ ಮಧ್ಯಮಕ್ಕಿಂತ ಒಂದು ಕೈ ಹೆಚ್ಚು ಹುರಿದದ್ದು ಕೊಡಿ ಎಂದು ಕೇಳಬೇಕು. ತೀರ ಎಳೆಯದಾಗಿ ಹುರಿದದ್ದು ನಮ್ಮ ಫಿಲ್ಟರಿನಲ್ಲಿ ಹುಳಿಹುಳಿ ಅನ್ನಿಸುತ್ತದೆ. ಚಿಕೋರಿಯಿಲ್ಲದ ಡಿಕಾಕ್ಷನ್ ಬೇಗ ಇಳಿಯುತ್ತದೆ, ಬಣ್ಣ ತೆಳು. ಪುಡಿ ಒಂದೂವರೆ ಪಟ್ಟು ಹಾಕಿ. ಇಷ್ಟು ತಿಳಿಯದೆ ಒಂದೇ ಸಲ ಮಾಡಿ "ಥೂ, ನೀರು" ಎಂದು ಬಿಟ್ಟವರನ್ನು ಕಂಡಿದ್ದೇನೆ.

ಕಾಲು ಕೆಜಿಗೆ ಐನೂರು ರೂಪಾಯಿ ಕೊಡುವುದೇ ಎಂಬ ಮಾತು ಬಂದೇ ಬರುತ್ತದೆ. ಕಷ್ಟವೇ. 2024-25ರಲ್ಲಿ ಬೀಜದ ಬೆಲೆ ಏರಿದ ಮೇಲಂತೂ ಮಾಮೂಲಿ ಪುಡಿಯೂ ಕೈ ಸುಡುತ್ತಿದೆ. ಆದರೆ ಚೀಟಿ ಹಾಕುವುದರಲ್ಲಿ ನಮ್ಮನ್ನು ಮೀರಿಸಿದವರು ಯಾರು? ನಮ್ಮ ಶಾಲೆಯಲ್ಲಿ ಐವರು ಟೀಚರುಗಳು ಕಾಫಿ ಚೀಟಿ ಮಾಡಿಕೊಂಡಿದ್ದೇವೆ. ತಿಂಗಳಿಗೆ ತಲಾ ನೂರು ರೂಪಾಯಿ. ಪ್ರತಿ ತಿಂಗಳು ಒಬ್ಬರ ಸರದಿ, ಒಂದು ಹೊಸ ಕಡೆಯ ಕಾಲು ಕೆಜಿ, ತಲೆಗೆ 50 ಗ್ರಾಂ. ಬೀಜವನ್ನೇ ತರಿಸುತ್ತೇವೆ, ಪುಡಿಯಾದ ಕೂಡಲೇ ಪರಿಮಳ ಹಾರಲು ಶುರು. ಪೀಬೆರಿ ನೋಡಿದ್ದಾಯಿತು: ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ದುಂಡಗೆ ಬೆಳೆದದ್ದು. ಎಸ್. 795 ತಳಿ ನೋಡಿದ್ದಾಯಿತು. ನಮ್ಮತ್ತೆಗೆ ಅದು ಹಿಡಿಸಲಿಲ್ಲ. "ಏನೋ ಹುಣಸೆಹಣ್ಣು ನೆನಪಾಗುತ್ತೆ ಕಣೆ" ಎಂದರು. ಎಂಬತ್ತನಾಲ್ಕು ವರ್ಷದಲ್ಲಿ ಕಾಫಿಯ ಬಗ್ಗೆ ಅವರ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಮರುದಿನ ಬೆಳಗ್ಗೆ ಏಳುವ ಮೊದಲೇ, "ಇವತ್ತು ಯಾವುದು?" ಎಂದು ಕೋಣೆಯಿಂದ ಕೂಗಿದರು. ನಮ್ಮ ಯಜಮಾನರು ಮಾತ್ರ ಇನ್ನೂ ಮಾಮೂಲಿಯ ಪಕ್ಷ. ಇರಲಿ, ಅವರ ಫಿಲ್ಟರ್ ಬೇರೆ ಇಟ್ಟಿದ್ದೇನೆ. ಪುಡಿ ಎಷ್ಟು ಚಮಚ ಎಂಬುದನ್ನೂ ತೋರಿಸಿಕೊಟ್ಟಿದ್ದೇನೆ.

ಮುಂದಿನ ತಿಂಗಳು ಗಣಿತದ ಟೀಚರ್ ಸರದಿ. ಕೊಡಗಿನ ಕಡೆಯ ರೊಬಸ್ಟಾ ತರಿಸುತ್ತಾರಂತೆ. ಕಹಿ ಜಾಸ್ತಿ, ಹಾಲು ಗಟ್ಟಿಯಾಗಿರಲಿ ಎಂದು ಈಗಲೇ ಎಚ್ಚರಿಸಿದ್ದಾರೆ. ತೋಟದಲ್ಲಿ ಹಣ್ಣು ಕುಯ್ಯುವ ಆ ತಾಯಿ ಪೋಷಕರ ಸಭೆಗೆ ಬರುವುದೂ ಆ ತಿಂಗಳೇ. ಆ ದಿನ ಫಿಲ್ಟರನ್ನು ಶಾಲೆಗೇ ಒಯ್ಯಬೇಕೆಂದಿದ್ದೇನೆ, ಮೊದಲನೇ ಡಿಕಾಕ್ಷನ್ ಇರುವಾಗಲೇ.