ಕ್ಯಾನ್ಸಲ್ ಅನ್ನಬೇಡಿ, ಹೊರಗೆ ತೆಗೆಯಿರಿ

ಗೋರೆಗಾಂವ್‌ನಲ್ಲಿ 'ಕ್ಯಾನ್ಸಲ್' ಎಂಬ ಮಾತು ಹೆಚ್ಚಾಗಿ ಕಿವಿಗೆ ಬೀಳುವುದು ಎರಡು ಕಡೆ: ಮಳೆಗಾಲದಲ್ಲಿ ಸ್ಟೇಷನ್ನಿನಲ್ಲಿ, ವರ್ಷವಿಡೀ ಗಣಿತದ ಟ್ಯೂಷನ್ನುಗಳಲ್ಲಿ. ಚರ್ಚ್‌ಗೇಟ್ ಲೋಕಲ್ ಕ್ಯಾನ್ಸಲ್ ಆಯಿತೆಂದರೆ ಆ ಗಾಡಿ ಇಲ್ಲವೇ ಇಲ್ಲ. ಲೆಕ್ಕದಲ್ಲೂ ಮಕ್ಕಳು ಹಾಗೆಯೇ ತಿಳಿಯುತ್ತಾರೆ. ಗೆರೆಯ ಮೇಲೊಂದು, ಕೆಳಗೊಂದು ಒಂದೇ ತರಹದ್ದು ಕಂಡರೆ ಎರಡಕ್ಕೂ ಗೀಟು ಎಳೆ, ಎರಡೂ ಮಾಯ. ಈ ಒಂದು ಪದವನ್ನು ಬೀಜಗಣಿತದ ಪಾಠದಿಂದ ಆಚೆ ಹಾಕಬೇಕು ಎನ್ನುವುದು ನನ್ನ ವಾದ. ನಾನು ಗಣಿತದವಳಲ್ಲ, ಭಾಷಾವಿಜ್ಞಾನ ಓದಿ ಅನುವಾದ ಮಾಡಿಕೊಂಡು ಬದುಕುವವಳು. ಆದರೆ ಇದು ಅರ್ಧಕ್ಕಿಂತ ಹೆಚ್ಚು ಭಾಷೆಯ ತೊಂದರೆ.

ಉದಾಹರಣೆಗೆ (ಯಾ + 6) / 6 ಎಂಬ ಭಿನ್ನರಾಶಿ. ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ 'ಯಾವತ್ ತಾವತ್', ಅಂದರೆ ಎಷ್ಟೋ ಅಷ್ಟು, ಎಂಬ ಹೆಸರಿದೆ. ಅದನ್ನು ಚಿಕ್ಕದಾಗಿ ಯಾ ಎಂದು ಬರೆಯುತ್ತಿದ್ದರು. (ಎರಡನೆಯ ಅಜ್ಞಾತ ಬಂದರೆ ಕಾ, ಮೂರನೆಯದಕ್ಕೆ ನೀ: ಕಾಲಕ, ನೀಲಕ. ಬಣ್ಣಗಳು!) ನಮ್ಮ ಕಟ್ಟಡದ ಮಕ್ಕಳು ಸಂಜೆ ಪುಸ್ತಕ ಹಿಡಿದು ಬಂದಾಗ ನೋಡುತ್ತೇನೆ. ಹತ್ತರಲ್ಲಿ ಐದಾರು ಮಂದಿ ಮೇಲಿನ 6, ಕೆಳಗಿನ 6 ಹೊಡೆದುಹಾಕಿ ಉತ್ತರ 'ಯಾ' ಎಂದು ಬರೆದಿರುತ್ತಾರೆ. ಯಾ ಜಾಗದಲ್ಲಿ 6 ಇಟ್ಟು ನೋಡಿ: 12 ಭಾಗಿಸು 6, ಬರುವುದು 2. ಮಕ್ಕಳ ಉತ್ತರದ ಪ್ರಕಾರ 6.

ನನಗೆ ವಿಚಿತ್ರವೆನಿಸುವುದು, ಇದೇ ಮಕ್ಕಳು ಮಾತಾಡುವಾಗ ಈ ತಪ್ಪನ್ನು ಎಂದೂ ಮಾಡುವುದಿಲ್ಲ. 'ಹಾಲನ್ನೂ ಮೊಸರನ್ನೂ ಬೆಣ್ಣೆಯನ್ನೂ ತಂದಳು' ಎನ್ನಬಹುದು. 'ಹಾಲು, ಮೊಸರು, ಬೆಣ್ಣೆಗಳನ್ನು ತಂದಳು' ಎಂದೂ ಅನ್ನಬಹುದು. ಎರಡನೆಯದರಲ್ಲಿ 'ಅನ್ನು' ಒಂದೇ ಸಲ, ಕೊನೆಯಲ್ಲಿ, ಎಲ್ಲರ ಪರವಾಗಿ ನಿಂತಿದೆ. ಅಲ್ಲಿನ 'ಗಳು' ಬೆಣ್ಣೆಯ ಬಹುವಚನವಲ್ಲ, ಇಡೀ ಪಟ್ಟಿಯದು. ಅದು ಮಾಡುವ ಕೆಲಸ ಆವರಣ ಚಿಹ್ನೆಯ ಕೆಲಸ. ಎಲ್ಲರಲ್ಲೂ ಇರುವುದನ್ನು ಹೊರಗೆ ತೆಗೆದು ಉಳಿದದ್ದನ್ನು ಆವರಣದೊಳಗೆ ಇಡುವುದು ಕನ್ನಡದ ದಿನನಿತ್ಯದ ವ್ಯಾಪಾರ.

ಹೊರಗೆ ತೆಗೆಯಲು ಒಂದು ಷರತ್ತಿದೆ. 'ಮುಂಬೈಯಿಂದ ಪುಣೆಗೆ ಹೋದಳು' ಎಂಬುದನ್ನು 'ಮುಂಬೈ, ಪುಣೆಗಳಿಗೆ ಹೋದಳು' ಎಂದು ಮಾಡಿದರೆ ಅರ್ಥವೇ ಬೇರೆ, ಯಾಕೆಂದರೆ 'ಗೆ' ಇದ್ದದ್ದು ಪುಣೆಗೆ ಮಾತ್ರ. ನಾಲ್ಕು ವರ್ಷದ ಮಗುವಿಗೂ ಇದು ಗೊತ್ತು. (ಯಾ + 6) ರಲ್ಲಿ 6 ಇರುವುದು ಒಂದು ಪದಕ್ಕೆ ಮಾತ್ರ, ಯಾಗೆ ಇಲ್ಲ. ಅದನ್ನು ಎಲ್ಲರ ಪರವಾಗಿ ಹೊರಗೆ ಎಳೆಯಲಾಗದು. ಮರಾಠಿಯಲ್ಲೂ 'ಮುಂಬಯಿ-ಪುಣ್ಯಾತ್' ಎನ್ನುವಾಗ ಇದೇ ನಡೆಯುತ್ತದೆ, ಹಾಗಾಗಿ ಇದು ಕನ್ನಡದ ಹಿರಿಮೆಯ ಮಾತಲ್ಲ.

ಈಗ (3ಯಾ + 6) / (5ಯಾ + 10) ನೋಡಿ. ಮೇಲೆ ಎರಡು ಪದಗಳಲ್ಲೂ 3 ಇದೆ: 3(ಯಾ + 2). ಕೆಳಗೆ ಎರಡರಲ್ಲೂ 5: 5(ಯಾ + 2). ಈಗ ಮೇಲೆ ಕೆಳಗೆ ಎರಡನ್ನೂ (ಯಾ + 2) ರಿಂದ ಭಾಗಿಸಿದರೆ 3/5. ವ್ಯಾಕರಣ ಇಷ್ಟು ದೂರ ಬರುವುದಿಲ್ಲ ಎಂದು ಒಪ್ಪುತ್ತೇನೆ. ಪ್ರತ್ಯಯವನ್ನು ಹೊರಗೆ ತೆಗೆಯಬಹುದು, ಅದರಿಂದ ಭಾಗಿಸಲಾಗದು. ಭಾಗಾಕಾರವನ್ನು ಭಾಗಾಕಾರವೆಂದೇ ಹೇಳಬೇಕು. ಹೇಳದಿದ್ದರೆ (ಯಾ + 2) / (ಯಾ + 2) ಕ್ಕೆ ಸೊನ್ನೆ ಎಂದು ಬರೆಯುವ ಮಕ್ಕಳು ಹುಟ್ಟುತ್ತಾರೆ: ಎಲ್ಲ ಕ್ಯಾನ್ಸಲ್ ಆದ ಮೇಲೆ ಉಳಿಯುವುದೇನು, ಸೊನ್ನೆ ತಾನೆ? ಉಳಿಯುವುದು 1. ಯಾ ಎಂಬುದು −2 ಆಗಕೂಡದು, ಆದರೆ ಛೇದ ಸೊನ್ನೆಯಾಗುತ್ತದೆ, ಎಂಬ ಎಚ್ಚರಿಕೆಯೂ 3/5 ರಲ್ಲಿ ಕಾಣುವುದಿಲ್ಲ. ಗೀಟು ಎಳೆದವರು ಅದನ್ನೂ ಮರೆಯುತ್ತಾರೆ.

ಕನ್ನಡದ ಪಠ್ಯಪುಸ್ತಕಗಳಲ್ಲಿ ಇದಕ್ಕಿರುವ ಪದ 'ಅಪವರ್ತನ'. ಬಾಯಿಗೆ ಭಾರವಾದ ಸಂಸ್ಕೃತ ಎಂದು ಬೈಯುವವರ ಜೊತೆ ನಾನೂ ಒಂದಿಷ್ಟು ದೂರ ಹೋಗಬಲ್ಲೆ. ಆದರೆ ಹಳೆಯ ಗಣಿತದಲ್ಲಿ ಅದು ಕ್ರಿಯೆಯ ಹೆಸರು: ಸಮಾನವಾದ ಸಂಖ್ಯೆಯೊಂದರಿಂದ ಭಾಗಿಸಿ ಕಿರಿದು ಮಾಡುವುದು. 1150ರ ಲೀಲಾವತಿಯ ಕುಟ್ಟಕ ಭಾಗದಲ್ಲಿ ಭಾಜ್ಯ, ಭಾಜಕ, ಕ್ಷೇಪ ಮೂರನ್ನೂ ಮೊದಲು ಹೀಗೆ ಕಿರಿದು ಮಾಡಿಕೊಳ್ಳಲು ಹೇಳಿದೆ. ಭಾಜ್ಯ, ಭಾಜಕಗಳನ್ನು ಭಾಗಿಸಿದ ಸಂಖ್ಯೆ ಕ್ಷೇಪವನ್ನು ಭಾಗಿಸದಿದ್ದರೆ ಆ ಲೆಕ್ಕವೇ ದುಷ್ಟ, ಅಂದರೆ ಕೆಟ್ಟದ್ದು. ಎಲ್ಲರಲ್ಲೂ ಇರಬೇಕು ಎಂಬ ಷರತ್ತು ಅಲ್ಲೂ ಅದೇ. ನಾವು ಆ ಕ್ರಿಯೆಯನ್ನು ನಾಮಪದ ಮಾಡಿ, 'ಅಪವರ್ತನ ಎಂದರೆ ಫ್ಯಾಕ್ಟರ್' ಎಂದು ಉರು ಹೊಡೆಸಿ, ಕ್ರಿಯೆಯ ಜಾಗಕ್ಕೆ ಕ್ಯಾನ್ಸಲ್ ತಂದು ಕೂರಿಸಿದ್ದೇವೆ. ಮರಾಠಿಯವರು ಫ್ಯಾಕ್ಟರನ್ನು 'ಅವಯವ' ಎನ್ನುತ್ತಾರೆ, ಹಿಂದಿಯವರು 'ಗುಣನಖಂಡ'. ಹಿಂದಿಯಲ್ಲಿ ಅಪವರ್ತನ ಎಂದರೆ ಬೆಳಕಿನ ವಕ್ರೀಭವನ! ಅನುವಾದಕರ ಹೊಟ್ಟೆಪಾಡಿಗೆ ತೊಂದರೆಯಿಲ್ಲ.

ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡ ಮಾಧ್ಯಮಕ್ಕೂ ಪುಸ್ತಕ ಅಚ್ಚು ಹಾಕುತ್ತದೆ. ಜತ್ತ, ಅಕ್ಕಲಕೋಟೆಗಳ ಮಕ್ಕಳು ಅದನ್ನು ಓದುತ್ತಾರೆ. ಗೋರೆಗಾಂವ್‌ನ ಕನ್ನಡ, ತುಳು ಮನೆಗಳ ಮಕ್ಕಳಲ್ಲಿ ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದವರು. 'ಅವರಿಗೆ ನಿನ್ನ ಕನ್ನಡ ಪದ ಯಾಕಮ್ಮ?' ಎಂದು ಕೇಳುವ ಅಪ್ಪಂದಿರಿದ್ದಾರೆ. ಅವರ ಮಾತು ಸರಿ, ಪರೀಕ್ಷೆಯಲ್ಲಿ ಪದ ಬೇಡ. ಆದರೆ ಎಂಟನೇ ತರಗತಿಯಲ್ಲಿ ಇಲ್ಲಿ ಎಡವಿದ ಮಗು ಒಂಬತ್ತರಲ್ಲಿ, ಹತ್ತರಲ್ಲಿ ಎಲ್ಲೆಡೆ ಎಡವುತ್ತದೆ, ಕೊನೆಗೆ 'ನನ್ನ ತಲೆಗೆ ಗಣಿತ ಹತ್ತಲ್ಲ' ಎನ್ನುತ್ತದೆ. ಹತ್ತುವ ತಲೆಯೇ ಅದು. ಮನೆಯ ಮಾತಿನಲ್ಲಿ ಅದು ಈ ನಿಯಮವನ್ನು ದಿನಕ್ಕೆ ನೂರು ಸಲ ಪಾಲಿಸುತ್ತಿರುತ್ತದೆ.

ಶಿಕ್ಷಕರಲ್ಲಿ ನನ್ನ ಬೇಡಿಕೆ ಚಿಕ್ಕದು. 3(ಯಾ + 2) ಎಂದು ಬಿಡಿಸಿ ಬರೆಯುವ ಆ ನಡುವಿನ ಸಾಲಿಗೆ ಉತ್ತರದಷ್ಟೇ ಅಂಕ ಕೊಡಿ. ಆ ಸಾಲು ಬರೆಯುವ ತನಕ ಗೀಟು ಎಳೆಯಲು ಬಿಡಬೇಡಿ. ತಂದೆತಾಯಿಯರಿಗೆ ಬೀಜಗಣಿತ ಮರೆತುಹೋಗಿದ್ದರೂ ಅಡ್ಡಿಯಿಲ್ಲ. ಮಗು ಪೆನ್ಸಿಲ್ ಎತ್ತಿ ಹೊಡೆಯಲು ಹೊರಟಾಗ 'ಎಲ್ಲದರಲ್ಲೂ ಇದೆಯಾ?' ಎಂದು ಕೇಳಿ. ಕನ್ನಡ ಬರದ ಮಗುವಾದರೆ 'ಸಬ್ ಮೇ ಹೈ ಕ್ಯಾ?' ಎಂದರೂ ನಡೆಯುತ್ತದೆ.