ಗಿರಿನಗರದವರೇ, ಈ ವರ್ಷ ಗೋಡೆಗೆ ಬಣ್ಣ ಬೇಡ

ರಾಜ್ಯದ ಯಾವ ಮೂಲೆಯದಾದರೂ ಸರಿ, ಸರ್ಕಾರಿ ಶಾಲೆಯ ಒಂದು ಪಠ್ಯಪುಸ್ತಕ ಕೈಗೆತ್ತಿಕೊಳ್ಳಿ. ಬೀದರಿನ ಮಗುವಿನ ಪುಸ್ತಕದಲ್ಲೂ ಚಾಮರಾಜನಗರದ ಮಗುವಿನ ಪುಸ್ತಕದಲ್ಲೂ ಅಚ್ಚಾಗಿರುವ ವಿಳಾಸ ಒಂದೇ: ಕರ್ನಾಟಕ ಪಠ್ಯಪುಸ್ತಕ ಸಂಘ, 100 ಅಡಿ ವರ್ತುಲ ರಸ್ತೆ, ಬನಶಂಕರಿ 3ನೇ ಹಂತ, ಬೆಂಗಳೂರು 85. ಅದು ನಮ್ಮದೇ ಪಿನ್‌ಕೋಡು. ಶಿಕ್ಷಕರ ತರಬೇತಿ ಮತ್ತು ಪಠ್ಯಕ್ರಮ ನೋಡಿಕೊಳ್ಳುವ ಡಿಎಸ್‌ಇಆರ್‌ಟಿ ಕೂಡ ಅದೇ ರಸ್ತೆಯಲ್ಲಿದೆ. ಸೀತಾ ಸರ್ಕಲ್‌ನಲ್ಲಿ ಕಾಫಿ ಕುಡಿದು ಹೊಸಕೆರೆಹಳ್ಳಿ ಕಡೆಗೆ ಕಾಲಾಡಿಸಿದರೆ ತಲುಪಿಬಿಡುವಷ್ಟು ಹತ್ತಿರ.

ಇಡೀ ನಾಡಿನ ಮಕ್ಕಳು ಏನು ಓದಬೇಕು ಎಂಬುದು ನಮ್ಮ ಮಗ್ಗುಲಲ್ಲೇ ತಯಾರಾಗುತ್ತದೆ. ಆದರೆ ನಮ್ಮ ಸುತ್ತಿನ ಸರ್ಕಾರಿ ಶಾಲೆಯ ಮೇಡಂಗೆ ಒಂದು ಪಾಠವನ್ನು ಬೇರೆ ರೀತಿಯಲ್ಲಿ ಮಾಡಿ ನೋಡುವಷ್ಟು ಬಿಡುವಿದೆಯೇ, ಹಾಗೆ ಮಾಡಲು ಮೇಲಿನವರು ಬಿಡುತ್ತಾರೆಯೇ ಎಂದು ನಾವು ಕೇಳಿದ್ದಿಲ್ಲ. ಈ ಸಲ ಕೇಳೋಣ ಎಂಬುದೇ ಈ ಮನವಿ. ಕೇಳಬೇಕಾದದ್ದು ಮುಖ್ಯ ಶಿಕ್ಷಕರನ್ನಲ್ಲ, ಕ್ಷೇತ್ರ ಶಿಕ್ಷಣಾಧಿಕಾರಿಯನ್ನು, ಅಂದರೆ ಎಲ್ಲರ ಬಾಯಲ್ಲಿರುವ ಬಿಇಒ ಅವರನ್ನು. ಅವರ ಮೇಲೆ ಬೆಂಗಳೂರು ದಕ್ಷಿಣ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರನ್ನು. (ರಾಮನಗರ ಜಿಲ್ಲೆಗೆ 2025ರಲ್ಲಿ ಇಟ್ಟ ಹೊಸ ಹೆಸರಿನೊಂದಿಗೆ ಇದನ್ನು ಬೆರೆಸಬೇಡಿ. ಪತ್ರ ಬರೆಯುವಾಗ ‘ಶೈಕ್ಷಣಿಕ’ ಎಂಬ ಪದ ಮರೆತರೆ ಅದು ಬೇರೆ ಊರು ಸೇರೀತು.)

ಬಿಇಒ ಎಂದರೆ ನಮ್ಮ ಕಣ್ಣಿಗೆ ಸಹಿ, ಸೀಲು, ತಪಾಸಣೆ. ಅವರಿಂದ ಹೊಸತನವನ್ನು ನಿರೀಕ್ಷಿಸುವವರು ಕಡಿಮೆ. ಆದರೂ ಕರ್ನಾಟಕದ ಸರ್ಕಾರಿ ಶಾಲೆಗಳು ಕಂಡ ಬಹುದೊಡ್ಡ ಹೊಸತನ ಹುಟ್ಟಿದ್ದು ವಿಧಾನಸೌಧದಲ್ಲಲ್ಲ, ಬೆಂಗಳೂರಿನಲ್ಲೂ ಅಲ್ಲ. 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ.

ಆ ತಾಲ್ಲೂಕಿನ ಸ್ಥಿತಿ ನೆನೆಯಿರಿ. ಕಬಿನಿ ಹಿನ್ನೀರು, ಕಾಡಂಚಿನ ಹಾಡಿಗಳು, ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಗಳು. ಒಂದೇ ಕೋಣೆಯಲ್ಲಿ ಹಲವು ತರಗತಿಯ ಮಕ್ಕಳು. ಅಪ್ಪ ಅಮ್ಮ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೊರಟರೆ ಮಗುವೂ ಹೊರಟಿತು. ವಾರಗಳ ಮೇಲೆ ಮರಳಿ ಬಂದಾಗ ಪಾಠ ಎಲ್ಲಿಗೋ ಹೋಗಿರುತ್ತದೆ, ಮಗು ಹಿಂದಿನ ಸಾಲಿನಲ್ಲಿ ಕೂತು ಸುಮ್ಮನಾಗುತ್ತದೆ, ಕೊನೆಗೆ ಶಾಲೆ ಬಿಡುತ್ತದೆ. ಇಂಥಲ್ಲಿ ಯುನಿಸೆಫ್ ನೆರವಿನೊಂದಿಗೆ ಇಲಾಖೆ ಮಾಡಿದ ಮೊದಲ ಕೆಲಸ, ಶಿಕ್ಷಕರನ್ನು ಒಂದು ಜಾಗ ನೋಡಿ ಬರಲು ಕಳಿಸಿದ್ದು. ಅದು ಆಂಧ್ರದ ಮದನಪಲ್ಲಿ ಬಳಿಯ ಋಷಿ ವ್ಯಾಲಿ. ಅಲ್ಲಿ ರಮಾ ಮತ್ತು ಪದ್ಮನಾಭ ರಾವ್ ದಂಪತಿ ಸುತ್ತಲಿನ ಹಳ್ಳಿಗಳ ಪುಟ್ಟ ಏಕೋಪಾಧ್ಯಾಯ ಶಾಲೆಗಳಿಗಾಗಿ ಕಾರ್ಡುಗಳ ಕಲಿಕೆಯನ್ನು ಕಟ್ಟಿದ್ದರು.

ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ನೋಡಿ ಬಂದರು. ಕಂಡದ್ದನ್ನು ನಕಲು ಮಾಡಲಿಲ್ಲ. ತಮ್ಮ ಮಕ್ಕಳ ಮಾತು, ಹಾಡು, ಆಟಗಳನ್ನು ಸೇರಿಸಿ ಕಾರ್ಡುಗಳನ್ನು ತಾವೇ ಬರೆದರು. ಪಾಠವನ್ನು ಒಡೆದು ಮೈಲಿಗಲ್ಲುಗಳಾಗಿಸಿ ಕಲಿಕೆಯ ಏಣಿ ಮಾಡಿದರು. ಮಗು ತನ್ನ ಮೆಟ್ಟಿಲು ಯಾವುದೆಂದು ತಾನೇ ನೋಡಿ ಕಾರ್ಡು ಆರಿಸಿಕೊಳ್ಳಬೇಕು. ತೋಟದಿಂದ ಮರಳಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಗೋಡೆಯ ಕೆಳಭಾಗಕ್ಕೆ ಮಗುವಿನ ಕೈಗೆ ಎಟುಕುವ ಕರಿಹಲಗೆ ಬಂತು, ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳು ಮಾಡಿದ ಚಿತ್ರಗಳು ತೂಗಿದವು. ನಲಿ-ಕಲಿ ಹುಟ್ಟಿದ್ದು ಹೀಗೆ. ಐಎಎಸ್ ಅಧಿಕಾರಿ ಅನಿತಾ ಕೌಲ್ ಅವರ ಹೆಸರು ಇದರೊಂದಿಗೆ ಸೇರಿಕೊಂಡಿದೆ, ನ್ಯಾಯವಾಗಿಯೇ. ನನ್ನ ಕಣ್ಣಿಗೆ ಇಲ್ಲಿ ದೊಡ್ಡದಾಗಿ ಕಾಣುವುದು ಕಾರ್ಡಲ್ಲ. ತಾವು ಕಲಿಸುವ ರೀತಿಯನ್ನು ತಾವೇ ಬದಲಿಸಬಹುದು ಎಂದು ಸರ್ಕಾರಿ ಶಿಕ್ಷಕರಿಗೆ ಸರ್ಕಾರವೇ ಹೇಳಿತಲ್ಲ, ಅದು.

ಮುಂದಿನ ಕಥೆ ಅಷ್ಟು ಸಿಹಿಯಲ್ಲ. 2009-10ರಲ್ಲಿ ನಲಿ-ಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು. ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರ ಕೈಯಿಂದ ಹುಟ್ಟಿದ್ದು ಉಳಿದ ಕಡೆ ಸುತ್ತೋಲೆಯಾಗಿ ಇಳಿಯಿತು. ಕಾರ್ಡುಗಳು ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬಂದವು. ಅವನ್ನು ತಾನು ಬರೆದಿಲ್ಲದ ಶಿಕ್ಷಕಿಗೆ ಯಾವ ಕಾರ್ಡು ಯಾಕಿದೆ ಎಂಬುದು ತಿಳಿಯುವ ಮೊದಲೇ ಯಾವ ನಮೂನೆ ತುಂಬಬೇಕು ಎಂಬುದು ತಿಳಿಯಬೇಕಾಯಿತು. ಹಾಗಿದ್ದೂ ಚೆನ್ನಾಗಿ ನಡೆಸಿದ ಶಿಕ್ಷಕಿಯರು ಅಸಂಖ್ಯ, ಇಂದಿಗೂ ಇದ್ದಾರೆ. ಆದರೆ ಪದ್ಧತಿ ಪ್ರಯಾಣ ಮಾಡಿತು, ಅದನ್ನು ಹುಟ್ಟಿಸಿದ ಸ್ವಾತಂತ್ರ್ಯ ತಾಲ್ಲೂಕಿನಲ್ಲೇ ಉಳಿಯಿತು.

ಅದು ಹಳ್ಳಿಯ ಮಾತು, ನಗರಕ್ಕೆ ಆಗದು ಎನ್ನುವವರಿಗೆ ಚೆನ್ನೈ ಇದೆ. 2003ರಲ್ಲಿ ಅಲ್ಲಿನ ಪಾಲಿಕೆ ಆಯುಕ್ತರಾಗಿದ್ದ ಎಂ.ಪಿ. ವಿಜಯಕುಮಾರ್ ಪಾಲಿಕೆ ಶಾಲೆಗಳ ಶಿಕ್ಷಕರನ್ನು ಅದೇ ಋಷಿ ವ್ಯಾಲಿಗೆ ಕಳಿಸಿದರು, ಮೊದಲು ಕೆಲವೇ ಶಾಲೆಗಳಲ್ಲಿ ಶುರು ಮಾಡಿಸಿದರು. ಕಸ, ಚರಂಡಿ, ರಸ್ತೆ ನೋಡಿಕೊಳ್ಳುವ ಅಧಿಕಾರಿ ಮನಸ್ಸು ಮಾಡಿದ್ದಕ್ಕೆ ತಮಿಳುನಾಡಿನ ಪ್ರಾಥಮಿಕ ಶಾಲೆಗಳ ಮುಖವೇ ಬದಲಾಯಿತು.

ನಮ್ಮಲ್ಲೂ ಶಿಕ್ಷಕರಿಗೆ ಬಿಟ್ಟುಕೊಟ್ಟಾಗಲೆಲ್ಲ ಏನಾದರೂ ಆಗಿದೆ. 2011ರಲ್ಲಿ ಇದೇ ಡಿಎಸ್‌ಇಆರ್‌ಟಿ, ಜಯನಗರದ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ ಪ್ರೌಢಶಾಲಾ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆ ಆರಂಭಿಸಿತು. ಗಣಿತದ ಮೇಷ್ಟ್ರು ಗಣಿತದವರೊಡನೆ, ವಿಜ್ಞಾನದವರು ವಿಜ್ಞಾನದವರೊಡನೆ ಮಾತಾಡಿ, ತಾವು ಮಾಡಿದ ಪಾಠ ಸಾಮಗ್ರಿಗಳನ್ನು ಎಲ್ಲರಿಗೂ ಮುಕ್ತವಾಗಿ ಹಂಚಿಕೊಂಡರು. 2020ರ ಆಗಸ್ಟ್‌ನಲ್ಲಿ ಕೋವಿಡ್‌ನಿಂದ ಶಾಲೆಗಳಿಗೆ ಬೀಗ ಬಿದ್ದಿದ್ದಾಗ ವಿದ್ಯಾಗಮ ಬಂತು. ಮಕ್ಕಳು ಶಾಲೆಗೆ ಬರಲಾಗದಿದ್ದಾಗ ಶಿಕ್ಷಕರೇ ದೇವಸ್ಥಾನದ ಅಂಗಳಕ್ಕೆ, ಅರಳಿಕಟ್ಟೆಗೆ, ವಠಾರಕ್ಕೆ ಹೋದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಲ್ಲಿಸಬೇಕಾಯಿತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಮೊಬೈಲ್ ಇಲ್ಲದ ಮಗುವಿಗೂ ಆ ದಿನಗಳಲ್ಲಿ ಅಕ್ಷರ ತಲುಪಿದ್ದು ಹಾಗೆ ನಡೆದು ಹೋದವರಿಂದ.

ಈಗ ನಮ್ಮ ವಾರ್ಡಿಗೆ ಬನ್ನಿ. ಗಿರಿನಗರ, ಅವಲಹಳ್ಳಿ, ಮುನೇಶ್ವರ ಬ್ಲಾಕ್, ಕತ್ರಿಗುಪ್ಪೆ ಸುತ್ತಿನ ಸರ್ಕಾರಿ ಶಾಲೆಗಳಿಗೆ ಬರುವವರು ನಮ್ಮ ಮನೆಗೆಲಸದವರ, ಗಾರೆ ಕೆಲಸದವರ, ಆಟೋದವರ, ಸೆಕ್ಯುರಿಟಿಯವರ ಮಕ್ಕಳು. ಅನೇಕರು ಯಾದಗಿರಿ, ರಾಯಚೂರು ಕಡೆಯವರು. ಕಟ್ಟಡದ ಕೆಲಸ ಮುಗಿದರೆ ಇನ್ನೊಂದು ಬಡಾವಣೆಗೆ ಹೊರಡುವವರು. 1995ರ ಹೆಗ್ಗಡದೇವನಕೋಟೆಯ ಸಮಸ್ಯೆ ಅದೇ ಆಕಾರದಲ್ಲಿ ಹೊರವರ್ತುಲ ರಸ್ತೆಯ ಪಕ್ಕ ಬಂದು ಕೂತಿದೆ. ಅದಕ್ಕೆ ಈ ಊರಿನ ಉತ್ತರವನ್ನು ಈ ಊರಿನ ಶಿಕ್ಷಕರೇ ಕಂಡುಕೊಳ್ಳಬೇಕು.

ಅವರಿಗೆ ಸಮಯ ಎಲ್ಲಿದೆ? 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಅಲೆದವರು ಶಿಕ್ಷಕರು. ಅದು ಮುಗಿಯದೆ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು. ಚುನಾವಣೆ ಬಂದರೆ ಮತಗಟ್ಟೆ, ಮತದಾರರ ಪಟ್ಟಿ ಬಂದರೆ ಬಿಎಲ್‌ಒ ಕೆಲಸ. ದಿನನಿತ್ಯ ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ವಿದ್ಯಾರ್ಥಿಗಳ ದಾಖಲೆಯ ಜಾಲತಾಣವಾದ ಎಸ್‌ಎಟಿಎಸ್‌ನಲ್ಲಿ ಮಾಹಿತಿ ತುಂಬುವುದು, ಸಂಜೆ ಐದಕ್ಕೆ ವಾಟ್ಸ್ಆ್ಯಪ್‌ನಲ್ಲಿ ‘ತುರ್ತು’ ಎಂದು ಬರುವ ವರದಿ ಬೇಡಿಕೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತದೆ. ಆ ಮೂರೇ ಸಾಕಷ್ಟು ಅಗಲವಾದ ಬಾಗಿಲು, ಉಳಿದವು ಕಿಟಕಿಯಿಂದ ಬರುತ್ತವೆ.

ಸಮೀಕ್ಷೆ ನಿಲ್ಲಿಸುವುದು ಬಿಇಒ ಕೈಯಲ್ಲಿಲ್ಲ, ಒಪ್ಪೋಣ. ಅವರ ಕೈಯಲ್ಲಿರುವುದನ್ನೇ ಕೇಳೋಣ. ಹತ್ತಿರದ ಶಾಲೆಗಳ ಗುಂಪಾದ ಪ್ರತಿ ಕ್ಲಸ್ಟರಿನಲ್ಲಿ ತಿಂಗಳಿಗೊಮ್ಮೆ ಸಮಾಲೋಚನಾ ಸಭೆ ನಡೆಯುತ್ತದೆ. ಶಿಕ್ಷಕರು ಕೂಡಿ ಪಾಠದ ಬಗ್ಗೆ ಮಾತಾಡಲೆಂದೇ ಮಾಡಿದ ಸಭೆ. ನಡೆಯುವಾಗ ಅದು ಸುತ್ತೋಲೆ ಓದುವ, ಅಂಕಿ-ಅಂಶ ಒಪ್ಪಿಸುವ ಸಭೆಯಾಗಿಬಿಡುವುದು ಶಿಕ್ಷಕರನ್ನು ಬಲ್ಲವರಿಗೆಲ್ಲ ಗೊತ್ತು. ಅದನ್ನು ಅವರಿಗೇ ಬಿಟ್ಟುಕೊಡಿ, ಅಂಕಿ-ಅಂಶ ಬೇರೆ ದಾರಿಯಲ್ಲಿ ತರಿಸಿಕೊಳ್ಳಿ ಎಂದು ಕೇಳೋಣ. ಒಬ್ಬ ಶಿಕ್ಷಕಿ ಈ ತಿಂಗಳು ಏನು ಪ್ರಯತ್ನಿಸಿದೆ, ಯಾವುದು ಕೆಟ್ಟಿತು ಎಂದು ಹೇಳಲಿ, ಉಳಿದವರು ಕೇಳಲಿ. ಕೆಟ್ಟದ್ದಕ್ಕೆ ಕಾರಣ ಕೇಳುವ ನೋಟಿಸು ಬರದಿರಲಿ. ಆ ಕೊನೆಯ ಭರವಸೆಯನ್ನು ಬಿಇಒ ಒಬ್ಬರೇ ಕೊಡಬಲ್ಲರು, ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ತಪಾಸಣೆಗೆ ಬಂದ ದಿನ ರಿಜಿಸ್ಟರ್ ತೆರೆಸುವ ಮುನ್ನ ತರಗತಿಯಲ್ಲಿ ಅರ್ಧ ಗಂಟೆ ಕೂತರೆ ಇನ್ನೂ ಒಳ್ಳೆಯದು.

ಎರಡನೆಯ ಕೋರಿಕೆ, ಪ್ರವಾಸ. ಋಷಿ ವ್ಯಾಲಿಯಷ್ಟು ದೂರ ಬೇಡ. ಚೆನ್ನಾಗಿ ನಡೆಯುತ್ತಿರುವ ಪಕ್ಕದ ಕ್ಲಸ್ಟರಿನ ಒಂದು ಶಾಲೆಯಲ್ಲಿ ನಮ್ಮ ಶಿಕ್ಷಕಿ ಒಂದಿಡೀ ದಿನ ಕುಳಿತು ನೋಡಿ ಬರಲಿ, ಆ ದಿನವನ್ನು ಅನ್ಯಕಾರ್ಯ ನಿಮಿತ್ತ ಎಂದು ಬಿಇಒ ಮಂಜೂರು ಮಾಡಲಿ. ಡಿಎಸ್‌ಇಆರ್‌ಟಿಯ ನೆರೆಯಲ್ಲಿರುವ ಶಾಲೆಗಳು ಅಲ್ಲಿನ ಹೊಸ ಸಾಮಗ್ರಿಯನ್ನು ರಾಜ್ಯಕ್ಕೆಲ್ಲ ಹಂಚುವ ಮುನ್ನ ಮೊದಲು ಬಳಸಿ ನೋಡುವಂತಾದರೆ ಇಬ್ಬರಿಗೂ ಲಾಭ. ಹತ್ತಿರವಿದ್ದು ಪ್ರಯೋಜನವಿಲ್ಲದ ನೆಂಟಸ್ತಿಕೆ ಯಾಕೆ?

ಇನ್ನು ನಮ್ಮ ಪಾಲು. ನಮ್ಮ ಬಡಾವಣೆಯ ಸಂಘಗಳು, ಕಂಪನಿಗಳ ಸಿಎಸ್‌ಆರ್ ತಂಡಗಳು ಸರ್ಕಾರಿ ಶಾಲೆಗೆಂದರೆ ಮೊದಲು ಕೊಳ್ಳುವುದು ಬಣ್ಣದ ಡಬ್ಬ. ಒಂದು ಶನಿವಾರ, ಒಂದೇ ಬಗೆಯ ಟೀ ಶರ್ಟು, ಗೋಡೆಯ ಮೇಲೆ ರೈಲು, ಜಿರಾಫೆ, ಗ್ರೂಪ್ ಫೋಟೋ. ಅಥವಾ ಒಂದು ಸ್ಮಾರ್ಟ್ ಟಿವಿ. ಧೂಳು ಕೂರಬಾರದೆಂದು ಅದಕ್ಕೆ ಮುಸುಕು ಹಾಕಿಡುತ್ತಾರೆ, ರಿಪೇರಿಗೆ ಹಣವಿಲ್ಲವೆಂದು ಮುಸುಕು ತೆಗೆಯುವುದಿಲ್ಲ. ಕೊಡುವ ಮನಸ್ಸಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಏನು ಬೇಕು ಎಂದು ಶಿಕ್ಷಕರನ್ನು ಕೇಳಿ ಕೊಟ್ಟವರು ಎಷ್ಟು ಜನ? ಅದೇ ಹಣದಲ್ಲಿ ಶಿಕ್ಷಕರ ಆ ಪ್ರವಾಸದ ಖರ್ಚು ಭರಿಸಿ, ಅವರು ತಾವೇ ಮಾಡಿಕೊಳ್ಳುವ ಕಾರ್ಡು, ಮಾದರಿಗಳಿಗೆ ಡ್ರಾಯಿಂಗ್ ಶೀಟು, ಮುದ್ರಣದ ವೆಚ್ಚ ಕೊಡಿ. ಎಸ್‌ಡಿಎಂಸಿ ಖಾತೆಗೆ ರಸೀದಿ ಪಡೆದು ಕೊಡಿ.

ಎಸ್‌ಡಿಎಂಸಿ ಎಂದೆ. ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಬಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದು. ಪೋಷಕರೇ ಅದರ ಬಹುಪಾಲು ಸದಸ್ಯರು. ಶಾಲಾ ಅಭಿವೃದ್ಧಿ ಯೋಜನೆ ಬರೆಯುವ ಹೊಣೆಯನ್ನು ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗೇ ಕೊಟ್ಟಿದೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವ ತಾಯಿ ಅದರ ಸದಸ್ಯೆಯಾಗಿರಬಹುದು. ಸಭೆಯ ದಿನ ಅವರಿಗೆ ಅರ್ಧ ದಿನ ರಜೆ ಕೊಡಿ, ಸಂಬಳ ಹಿಡಿಯಬೇಡಿ. ಗಿರಿನಗರದ ಬಹಳ ಮನೆಗಳಿಂದ ಸರ್ಕಾರಿ ಶಾಲೆಗೆ ಸಲ್ಲಬಹುದಾದ ಅತಿ ದೊಡ್ಡ ದೇಣಿಗೆ ಇದು. ಯೋಜನೆಯ ಪ್ರತಿಗಳಲ್ಲಿ ಕಾಂಪೌಂಡು, ಶೌಚಾಲಯ, ಕೊಠಡಿ ಇರುತ್ತವೆ, ಇರಲೇಬೇಕು. ‘ಈ ವರ್ಷ ನಮ್ಮ ಶಿಕ್ಷಕರು ಪ್ರಯತ್ನಿಸಲಿರುವುದು’ ಎಂಬ ಒಂದು ಪುಟ ಸೇರಿಸಲು ಸಮಿತಿಗೆ ಹೇಳಿ.

ನಿವೃತ್ತ ಬ್ಯಾಂಕಿನವರು, ಇಂಜಿನಿಯರುಗಳು, ಉಪನ್ಯಾಸಕರು ನಮ್ಮ ಬೀದಿಗಳಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲೊಂದು ವಿನಂತಿ: ಶಾಲೆಗೆ ಹೋಗಿ ಪಾಠ ಮಾಡಲು ಆತುರಪಡಬೇಡಿ. ಶಿಕ್ಷಕಿಯ ಜಾಗ ಅವರದ್ದು. ಗ್ರಂಥಾಲಯದ ಬೀರುವಿನ ಬೀಗ ತೆಗೆಸಿ, ಪುಸ್ತಕ ಕೊಡುವ-ಪಡೆಯುವ ಕೆಲಸಕ್ಕೆ ವಾರಕ್ಕೊಂದು ಮಧ್ಯಾಹ್ನ ಕೂತರೆ ಅವರಿಗೊಂದು ಅವಧಿ ಉಳಿಯುತ್ತದೆ. ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವವರು ನಿಮ್ಮ ಆಡಳಿತ ಮಂಡಳಿಯನ್ನು ಕೇಳಿ: ಶನಿವಾರ ಮಧ್ಯಾಹ್ನ ಖಾಲಿ ಬಿದ್ದಿರುವ ಪ್ರಯೋಗಾಲಯವನ್ನು ಪಕ್ಕದ ಸರ್ಕಾರಿ ಶಾಲೆಗೆ ತೆರೆಯಬಹುದೇ?

ಪತ್ರ ಬರೆಯುವವರು ಒಟ್ಟಾಗಿ ಬರೆಯಿರಿ, ಒಂದೇ ಪುಟ, ಕನ್ನಡದಲ್ಲಿ. ಕೋರಿಕೆ ಎರಡೇ: ಸಮಾಲೋಚನಾ ಸಭೆಯನ್ನು ಶಿಕ್ಷಕರಿಗೆ ಬಿಡಿ, ಪ್ರತಿ ಶಿಕ್ಷಕರಿಗೂ ವರ್ಷಕ್ಕೊಂದು ದಿನ ಬೇರೆ ಶಾಲೆ ನೋಡಲು ಕೊಡಿ. ಬಿಇಒಗೆ ಒಂದು ಪ್ರತಿ, ಉಪನಿರ್ದೇಶಕರಿಗೆ ಒಂದು, ಸ್ವೀಕೃತಿ ಪಡೆದು ಒಂದು ಪ್ರತಿ ಎಸ್‌ಡಿಎಂಸಿ ಅಧ್ಯಕ್ಷರಿಗೆ. ಶಾಲೆಗಳು ತೆರೆಯುವುದು ಮೇ ಕೊನೆಯ ವಾರ, ಆ ಹೊತ್ತಿಗೆ ವರ್ಷದ ವೇಳಾಪಟ್ಟಿ ಸಿದ್ಧವಾಗಿಬಿಟ್ಟಿರುತ್ತದೆ. ಹಾಗಾಗಿ ಪತ್ರ ಏಪ್ರಿಲ್ ಮುಗಿಯುವುದರೊಳಗೆ ಕಚೇರಿ ಸೇರಬೇಕು.