ನೀರಿನಲ್ಲಿರುವ ಎಮ್ಮೆಗೆ ದಡದಲ್ಲಿ ಕ್ರಯ

2024ರ ರಾಜ್ಯೋತ್ಸವದ ದಿನ ನಮ್ಮ ಸಂಘದ ಊಟದ ಪಂಕ್ತಿಯಲ್ಲಿ ಹಿರಿಯ ಸದಸ್ಯರೊಬ್ಬರು ನನ್ನ ಪಕ್ಕದಲ್ಲಿ ಕುಳಿತು, "ದನದ ವ್ಯಾಪಾರದಲ್ಲಿ ಸತ್ಯ ಹುಡುಕುವವರುಂಟೇ ಸ್ವಾಮಿ? ಎಷ್ಟೆಂದರೂ ಅವನು ನಮ್ಮವನು. ಕೊಟ್ಟಷ್ಟು ತೆಗೆದುಕೊಂಡು ರಾಜಿ ಮಾಡಿಕೊಳ್ಳಿ" ಎಂದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಸಂಘದಲ್ಲಿ ಒಡಕು ಮೂಡಬಾರದೆಂಬ ಕಳಕಳಿಯಿಂದಲೇ ಅವರು ಹಾಗೆ ಹೇಳಿದರು. ಆದರೆ ಆ ಮೂರು ಮಾತುಗಳಲ್ಲಿ ಮೂರು ದೊಡ್ಡ ತಪ್ಪುಗಳಿವೆ. ಅವು ಕೇವಲ ಅವರ ತಪ್ಪುಗಳಲ್ಲ. ಹೊರನಾಡಿನಲ್ಲಿ ನೆಲೆಸಿದ ನಮ್ಮೆಲ್ಲರ ತಪ್ಪುಗಳು. ಅಂದು ಅನ್ನದ ಮುಂದೆ ವಾದಿಸುವುದು ಸರಿಯಲ್ಲವೆಂದು ಸುಮ್ಮನಿದ್ದೆ. ಇಂದು ಓದುಗರ ಮುಂದೆ ಆ ಉತ್ತರವನ್ನು ಇಡುತ್ತಿದ್ದೇನೆ.

ಮೊದಲು ನಡೆದುದನ್ನು ಹೇಳಬೇಕು. ನಾನು ದೆಹಲಿಯಲ್ಲಿ ಕೇಂದ್ರ ಸರಕಾರದ ಅಧಿಕಾರಿ. ನನ್ನ ತಮ್ಮ ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಬೇಸಾಯ ಮಾಡುತ್ತಾನೆ. ಅವನಿಗೆ ಮುರ್ರಾ ತಳಿಯ ಎಮ್ಮೆಗಳನ್ನು ಕಟ್ಟಿ, ಅವುಗಳ ಕರುಗಳಿಂದಲೇ ಒಂದು ಹಿಂಡು ಬೆಳೆಸಬೇಕೆಂಬ ಆಸೆ. ಮುರ್ರಾದ ತವರು ಹರಿಯಾಣದ ರೋಹತಕ್, ಜೀಂದ್, ಹಿಸಾರ್‌ಗಳ ಸೀಮೆ. ಎಮ್ಮೆಗಳ ಸಂಶೋಧನೆಗೆಂದೇ ಕೇಂದ್ರ ಸರಕಾರ 1985ರಲ್ಲಿ ಸ್ಥಾಪಿಸಿದ ಸಂಸ್ಥೆಯೂ ಹಿಸಾರ್‌ನಲ್ಲಿಯೇ ಇದೆ. "ಅಣ್ಣ, ನೀನು ಹತ್ತಿರದಲ್ಲೇ ಇದ್ದೀಯ, ಎರಡು ಒಳ್ಳೆಯ ಮಣಕ ನೋಡು" ಎಂದು ತಮ್ಮ ಕೇಳಿದ. ಕಡತಗಳನ್ನಲ್ಲದೆ ಬೇರೇನನ್ನೂ ಪರೀಕ್ಷಿಸಲು ಬಾರದ ನಾನು ಒಪ್ಪಿಕೊಂಡೆ.

ಪರಿಚಯದವರ ಮೂಲಕ ಒಬ್ಬ ವ್ಯಾಪಾರಿ ಸಿಕ್ಕಿದ. ಹರಿಯಾಣದ ಹಳ್ಳಿಗಳಲ್ಲಿ ತಾನೇ ರಾಸು ಕೊಂಡು ದಕ್ಷಿಣದವರಿಗೆ ಮಾರುವ ಕಸುಬು ಅವನದು. ಮೂಲತಃ ನಮ್ಮ ಉತ್ತರ ಕರ್ನಾಟಕದವನು. "ಸಾಹೇಬ್ರ, ನಾನೂ ಕನ್ನಡದಾಂವ. ನಿಮಗ ಮೋಸ ಮಾಡಿದ್ರ ದೇವ್ರು ಮೆಚ್ಚತಾನೇನ್ರಿ?" ಎಂದ. ದೇವರ ಅಭಿಪ್ರಾಯ ಏನಿತ್ತೋ, ನಾನಂತೂ ಮೆಚ್ಚಿದೆ. 2023ರ ನವೆಂಬರಿನಲ್ಲಿ, ನಾಲ್ಕು ತಿಂಗಳ ಗಬ್ಬವೆಂದು ಅವನು ಹೇಳಿದ ಎರಡು ಮಣಕಗಳಿಗೆ ತಮ್ಮ ತನ್ನ ಬ್ಯಾಂಕ್ ಖಾತೆಯಿಂದ 1,80,000 ರೂಪಾಯಿ ಕಳಿಸಿದ. ಲಾರಿಯ ಬಾಡಿಗೆ ಬೇರೆ. ಬರಹದಲ್ಲಿ ನಾನು ಏನನ್ನೂ ಪಡೆಯಲಿಲ್ಲ.

ಫೆಬ್ರವರಿಯಲ್ಲಿ ಊರಿನ ಪಶುವೈದ್ಯರು ಕೈಹಾಕಿ ನೋಡಿದಾಗ ಒಂದು ಮಣಕದಲ್ಲಿ ಗಬ್ಬವೇ ಇರಲಿಲ್ಲ. ಮಾರ್ಚ್ ಕೊನೆಯಲ್ಲಿ ಎರಡನೆಯದು ಕಂದು ಹಾಕಿತು. ನಾದಿನಿ ಬರಿಗೈಯಲ್ಲಿ ಆ ಸತ್ತ ಕರುವನ್ನೂ ಮಾಸನ್ನೂ ಎತ್ತಿ ಹೂಳಿಸಿದಳು. ರಕ್ತಪರೀಕ್ಷೆಯಲ್ಲಿ ಎಮ್ಮೆಗೆ ಬ್ರುಸೆಲ್ಲೋಸಿಸ್ ಎಂದು ತಿಳಿಯಿತು. ಕೆಲವು ವಾರಗಳ ಬಳಿಕ ನಾದಿನಿಗೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು, ರಾತ್ರಿ ಬೆವರು. ಅವಳ ರಕ್ತದಲ್ಲೂ ಅದೇ ರೋಗ. ಹಲವು ವಾರ ಔಷಧ ನುಂಗಿ ಚೇತರಿಸಿಕೊಂಡಳು. ದನದ ವ್ಯಾಪಾರದ ಸುಳ್ಳು ಹಣದ ಸುಳ್ಳಷ್ಟೇ ಎಂದು ತಿಳಿದವರು ಈ ಮಾತನ್ನು ಗಮನಿಸಬೇಕು.

ಇನ್ನು ಹಿರಿಯರ ಮೊದಲ ಮಾತು: ದನದ ವ್ಯಾಪಾರದಲ್ಲಿ ಸತ್ಯವಿಲ್ಲ. ಹಲ್ಲು ನೋಡುವುದು, ಸುಳಿ ನೋಡುವುದು, ಟವೆಲಿನಡಿ ಬೆರಳು ಹಿಡಿದು ದರ ಕುದುರಿಸುವುದು, ಇವೆಲ್ಲ ನಮ್ಮ ಸಿದ್ಧಗಂಗೆ, ಘಾಟಿ ಸುಬ್ರಹ್ಮಣ್ಯ, ಚುಂಚನಕಟ್ಟೆ ಜಾತ್ರೆಗಳಲ್ಲಿ ಬಾಲ್ಯದಿಂದ ಕಂಡವೇ. ಕೊಳ್ಳುವವನೇ ಎಚ್ಚರವಾಗಿರಬೇಕೆಂಬುದು ಅಲ್ಲಿನ ನಡಾವಳಿ. ಆದರೆ ಕಣ್ಣಿಗೆ ಕಾಣುವ ದೋಷಕ್ಕೆ ಮಾತ್ರ ಈ ನಿಯಮ ನ್ಯಾಯವಾದೀತು. ಕುಂಟುವ ಎತ್ತನ್ನು ನೋಡದೆ ಕೊಂಡವನು ತನ್ನನ್ನೇ ಹಳಿದುಕೊಳ್ಳಲಿ. ತಳಿಗೆಂದು ಕೊಳ್ಳುವ ರಾಸಿನ ಬೆಲೆಯೆಲ್ಲ ಕಣ್ಣಿಗೆ ಕಾಣದ ಕಡೆಯಲ್ಲಿದೆ. ಗಬ್ಬವಿದೆಯೇ, ಕಂದು ಹಾಕುವ ರೋಗವಿದೆಯೇ, ಬೀಜದ ಕೋಣಕ್ಕೆ ಸತ್ತ್ವವಿದೆಯೇ, ಕಡಸು ಗಂಡುಕರುವಿನೊಡನೆ ಅವಳಿಯಾಗಿ ಹುಟ್ಟಿದ್ದೇ ಎಂಬುದನ್ನು ಯಾವ ಸುಳಿಯೂ ಹೇಳುವುದಿಲ್ಲ. ಹಾಗೆ ಅವಳಿಯಾಗಿ ಹುಟ್ಟಿದ ಹೆಣ್ಣುಕರುಗಳಲ್ಲಿ ಬಹುಪಾಲು ಗೊಡ್ಡಾಗುತ್ತವೆಂಬುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಕಾಣದು. ಹಿಂದಿನ ಹೊತ್ತಿನ ಹಾಲು ಕರೆಯದೆ ಬಿಟ್ಟು ಕೆಚ್ಚಲು ಉಬ್ಬಿಸಿ ತೋರಿಸಿದರೆ ಅದೂ ಕಾಣದು. ನೀರಿನಲ್ಲಿರುವ ಎಮ್ಮೆಗೆ ದಡದಲ್ಲಿ ನಿಂತು ಕ್ರಯ ಕಟ್ಟುವ ಗಾದೆಯನ್ನು ನಾವು ಮೂರ್ಖನನ್ನು ಕುರಿತು ಹೇಳುತ್ತೇವೆ. ತಳಿಯ ರಾಸಿನ ವಿಷಯದಲ್ಲಿ ಪ್ರತಿಯೊಬ್ಬ ಗಿರಾಕಿಯೂ ದಡದಲ್ಲಿಯೇ ನಿಂತಿದ್ದಾನೆ.

ಕಾನೂನು ಇದನ್ನು ಅರಿತಿಲ್ಲವೆಂದು ಭಾವಿಸಬೇಡಿ. 1930ರ ಸರಕು ಮಾರಾಟ ಕಾಯಿದೆಗೆ ಎಮ್ಮೆಯೂ ಸರಕೇ. ಅದರ 15ನೆಯ ಕಲಮಿನಂತೆ, ಇಂಥದೆಂದು ವರ್ಣಿಸಿ ಮಾರಿದ ಸರಕು ಆ ವರ್ಣನೆಗೆ ಹೊಂದಲೇಬೇಕು. 'ನಾಲ್ಕು ತಿಂಗಳ ಗಬ್ಬ' ಎಂಬುದು ವರ್ಣನೆಯಲ್ಲದೆ ಮತ್ತೇನು? 16ನೆಯ ಕಲಮಿನಂತೆ, ಯಾವ ಉದ್ದೇಶಕ್ಕೆಂದು ತಿಳಿಸಿ, ಆ ಕಸುಬಿನ ವ್ಯಾಪಾರಿಯ ತಿಳಿವಳಿಕೆಯನ್ನು ನಂಬಿ ಕೊಂಡರೆ, ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕು. 1872ರ ಕರಾರು ಕಾಯಿದೆಯಂತೂ ವಂಚನೆಯನ್ನು ವಿವರಿಸುವಾಗ ಕುದುರೆಯ ಮಾರಾಟವನ್ನೇ ದೃಷ್ಟಾಂತವಾಗಿ ತೆಗೆದುಕೊಂಡಿದೆ. ಹರಾಜಿನಲ್ಲಿ ಕುದುರೆಯ ದೋಷ ಬಲ್ಲ ಮಾಲೀಕ ಸುಮ್ಮನಿದ್ದರೆ ಅದು ವಂಚನೆಯಲ್ಲ ಎನ್ನುತ್ತದೆ. ಆದರೆ ಕೊಳ್ಳುವವನು, "ನೀನು ಅಲ್ಲಗಳೆಯದಿದ್ದರೆ ಕುದುರೆ ನಿರ್ದೋಷಿಯೆಂದೇ ತಿಳಿಯುತ್ತೇನೆ" ಎಂದ ಮೇಲೂ ಮಾಲೀಕ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ ಎನ್ನುತ್ತದೆ. ಒಂದೂವರೆ ಶತಮಾನದಿಂದ ಕಾಯಿದೆಯ ಪುಸ್ತಕದಲ್ಲಿರುವ ಈ ಒಂದು ವಾಕ್ಯವನ್ನು ನಾನು ಫೋನಿನಲ್ಲಿ ಬರೆದು ಕಳಿಸಿದ್ದರೆ ಸಾಕಿತ್ತು. ಕಾನೂನು ನಮ್ಮ ಕೈ ಬಿಟ್ಟಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳುವುದನ್ನು ನಾವೇ ಬಿಟ್ಟಿದ್ದೇವೆ.

ಎರಡನೆಯ ಮಾತು: ಅವನು ನಮ್ಮವನು. ಪರನಾಡಿನ ಬೀದಿಯಲ್ಲಿ ಕನ್ನಡದ ಒಂದು ಮಾತು ಕಿವಿಗೆ ಬಿದ್ದರೆ ನಾವು ಕರಗುತ್ತೇವೆ. ಅದು ನಮ್ಮ ಸಂಪತ್ತು. ಅದನ್ನು ನಾನು ಹೀಗಳೆಯಲಾರೆ. ಆದರೆ ಭಾಷೆ ಸ್ನೇಹಕ್ಕೆ ಬಾಗಿಲೇ ಹೊರತು ಸರಕಿಗೆ ಜಾಮೀನಲ್ಲ. ಹರಿಯಾಣದ ವ್ಯಾಪಾರಿಯೊಬ್ಬ ಎದುರಿಗಿದ್ದಿದ್ದರೆ ನಾನು ನೂರು ಪ್ರಶ್ನೆ ಕೇಳುತ್ತಿದ್ದೆ, ವೈದ್ಯರನ್ನು ಕರೆಸುತ್ತಿದ್ದೆ, ರಸೀದಿ ಬೇಡುತ್ತಿದ್ದೆ. ಕನ್ನಡದವನೆಂದು ಒಂದನ್ನೂ ಮಾಡಲಿಲ್ಲ. ಇದೇ ಕುರುಡಿನ ಇನ್ನೊಂದು ಮುಖವನ್ನೂ ಕಂಡಿದ್ದೇನೆ. ನಮ್ಮವರೊಬ್ಬರು ಈ ಸಂಗತಿಯನ್ನು ಕೇಳಿದೊಡನೆ, "ಈ ಉತ್ತರದವರೇ ಹೀಗೆ" ಎಂದರು. ಮೋಸ ಮಾಡಿದವನು ಉತ್ತರದವನಲ್ಲವೆಂದು ತಿಳಿದ ಮೇಲೆ ಅವರ ಕೋಪ ಇಳಿದುಹೋಯಿತು. ಅವರಿಗೆ ನೋವಾದದ್ದು ಮೋಸದಿಂದಲ್ಲ, ಮೋಸಗಾರನ ಊರಿನಿಂದ ಎಂದಾಯಿತಲ್ಲವೇ? ಅನ್ಯರ ಮೋಸವನ್ನು ಖಂಡಿಸಿ ನಮ್ಮವರ ಮೋಸವನ್ನು ಮುಚ್ಚುವ ಅಭಿಮಾನ ಕನ್ನಡಕ್ಕೆ ಗೌರವ ತರುವುದಿಲ್ಲ.

ಮೂರನೆಯ ಮಾತು ರಾಜಿ. ಇದನ್ನು ಕುರಿತು ಬರೆಯುವಾಗ ನನ್ನ ಲೇಖನಿ ನನ್ನ ಕಡೆಗೇ ತಿರುಗುತ್ತದೆ. ಏಕೆಂದರೆ ಗಬ್ಬವಿಲ್ಲದ ಆ ಮೊದಲ ಮಣಕ ಏನಾಯಿತೆಂದು ನಾನಿನ್ನೂ ಹೇಳಿಲ್ಲ. ಫೆಬ್ರವರಿಯಲ್ಲಿ ತಮ್ಮ ಫೋನು ಮಾಡಿ, ಏನು ಮಾಡಲೆಂದು ಕೇಳಿದ. "ಸಂತೆಗೆ ಹೊಡಿ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು" ಎಂದೆ. ಕಾನೂನಿನ ಪುಸ್ತಕ ಓದಿದ ಅಧಿಕಾರಿಯ ಸಲಹೆ ಅದು! ಪಕ್ಕದ ಹೋಬಳಿಯ ಒಬ್ಬ ಹೆಣ್ಣುಮಗಳು ಅದನ್ನು ಗಬ್ಬವೆಂದೇ ಭಾವಿಸಿ, ಸ್ತ್ರೀಶಕ್ತಿ ಗುಂಪಿನ ಸಾಲದ ಹಣ ಕೊಟ್ಟು ಹೊಡೆದುಕೊಂಡು ಹೋದಳು. ತಿಂಗಳು ಕಳೆದು ನಮ್ಮ ಮನೆಯ ಎಮ್ಮೆ ಕಂದು ಹಾಕಿದಾಗ, ಅದೇ ಲಾರಿಯಲ್ಲಿ ಬಂದು ಅದೇ ಕೊಟ್ಟಿಗೆಯಲ್ಲಿದ್ದ ರಾಸನ್ನು ನಾವು ಆಕೆಯ ಅಂಗಳಕ್ಕೆ ಕಳಿಸಿದ್ದೇವೆಂಬುದು ಹೊಳೆಯಿತು. ರಜೆ ಹಾಕಿ ಊರಿಗೆ ಹೋದೆ. ತಮ್ಮನೂ ನಾನೂ ಆಕೆಯ ಮನೆಗೆ ಹೋಗಿ ವಿಷಯ ತಿಳಿಸಿ, ಪೂರ್ತಿ ಹಣ ಕೊಟ್ಟು ಮಣಕವನ್ನು ಹಿಂದಕ್ಕೆ ತಂದೆವು. ಪರೀಕ್ಷೆಯಲ್ಲಿ ಅದಕ್ಕೆ ರೋಗವಿಲ್ಲವೆಂದು ತಿಳಿದದ್ದು ನಮ್ಮ ಪುಣ್ಯ, ನಮ್ಮ ಪ್ರಾಮಾಣಿಕತೆಯಲ್ಲ. ಹಣ ಎಣಿಸುತ್ತ ಆಕೆ ಕೇಳಿದ್ದು ಒಂದೇ ಮಾತು: "ಮಾರೋವಾಗ್ಲೇ ಯಾಕ್ ಹೇಳ್ಲಿಲ್ಲ ಸ್ವಾಮಿ?" ವ್ಯಾಪಾರಿಗೆ ನಾನು ಕೇಳಬೇಕೆಂದಿದ್ದ ಪ್ರಶ್ನೆಯೂ ಅದೇ.

ಆದ್ದರಿಂದಲೇ ಹೇಳುತ್ತೇನೆ: ಕೆಟ್ಟ ರಾಸಿನ ವ್ಯಾಜ್ಯ ಇಬ್ಬರ ನಡುವಿನ ವ್ಯಾಜ್ಯವಲ್ಲ. ಅಲ್ಲಿ ಯಾವಾಗಲೂ ಮೂರನೆಯವನೊಬ್ಬನಿದ್ದಾನೆ. ಆ ರಾಸು ನಾಳೆ ಯಾರ ಕೊಟ್ಟಿಗೆಗೆ ಹೋಗುವುದೋ ಅವನು. ಸಂಘದ ಹಿರಿಯರು ನನ್ನ ಮುಂದಿಟ್ಟ ರಾಜಿಯಂತೆ ವ್ಯಾಪಾರಿ 40,000 ರೂಪಾಯಿ ಕೊಟ್ಟು ರೋಗದ ಎಮ್ಮೆಯನ್ನು ಹಿಂದಕ್ಕೆ ಪಡೆಯಬೇಕಿತ್ತು. ಪಡೆದು ಅವನು ಅದನ್ನು ಪೂಜಿಸುತ್ತಿದ್ದನೇ? ಇನ್ನೊಬ್ಬನಿಗೆ ದಾಟಿಸುತ್ತಿದ್ದ. ನಾವು ರಾಜಿಯೆಂದು ಕರೆಯುವುದು ಎಷ್ಟೋ ಸಲ ನಷ್ಟವನ್ನು ಪಂಕ್ತಿಯಲ್ಲಿಲ್ಲದವನ ಎಲೆಗೆ ಬಡಿಸುವ ಕಲೆ. 2009ರಲ್ಲಿ ಬಂದ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ನಿಯಂತ್ರಣ ಕಾಯಿದೆಯಂತೆ ಇಂಥ ರೋಗದ ಶಂಕೆ ಬಂದೊಡನೆ ವರದಿ ಮಾಡುವುದು ಮಾಲೀಕನ ಕರ್ತವ್ಯ. ತಮ್ಮ ವರದಿ ಮಾಡಿದ್ದಾನೆ. ಆ ಎಮ್ಮೆಯನ್ನು ಬೇರೆ ಚಪ್ಪರದಲ್ಲಿ ಕಟ್ಟಿ, ಲಾಭವಿಲ್ಲದೆ ಮೇವು ಹಾಕುತ್ತಿದ್ದಾನೆ. ಪ್ರಾಮಾಣಿಕತೆಗೆ ತೆರಬೇಕಾದ ಬೆಲೆ ಅದು. ಆ ಬೆಲೆಯನ್ನು ನ್ಯಾಯವಾಗಿ ತೆರಬೇಕಾದವನು ಮಾರಿದವನು ಎಂಬುದೇ ನಮ್ಮ ದೂರು. ಅದು ಅವನ ಜಿಲ್ಲೆಯ ಗ್ರಾಹಕ ಆಯೋಗದ ಮುಂದೆ ವಿಚಾರಣೆಯಲ್ಲಿದೆ.

ಈ ಮಾರ್ಗ ಹಲವರಿಗೆ ತಿಳಿಯದು. 1986ರ ಗ್ರಾಹಕ ಕಾಯಿದೆಯ ಕಾಲದಲ್ಲಿ ಸಾಮಾನ್ಯವಾಗಿ ಮಾರಿದವನ ಊರಿಗೋ ವ್ಯವಹಾರ ನಡೆದ ಊರಿಗೋ ಅಲೆಯಬೇಕಿತ್ತು. 2019ರ ಕಾಯಿದೆ, ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಲು ಅವಕಾಶ ಮಾಡಿದೆ. ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಅವಧಿ ಎರಡು ವರ್ಷ. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲು ಕೊಂಡ ಸರಕನ್ನು ಅದು ವಾಣಿಜ್ಯವೆಂದು ತಳ್ಳಿಹಾಕುವುದಿಲ್ಲ. ಎರಡು ಎಮ್ಮೆಯ ರೈತನಿಗೆ ಇದಕ್ಕಿಂತ ದೊಡ್ಡ ರಕ್ಷೆ ಬೇರೆ ಇಲ್ಲ. ಆದರೆ ಅವನೂ ತನ್ನ ಪಾಲಿನ ಕೆಲಸ ಮಾಡಿರಬೇಕು. ಸರಕು ಮಾರಾಟ ಕಾಯಿದೆಯ 42ನೆಯ ಕಲಮಿನಂತೆ, ಬೇಡವೆಂದು ತಿಳಿಸದೆ ಸಮಂಜಸವಾದ ಅವಧಿಗಿಂತ ಹೆಚ್ಚು ಕಾಲ ಇಟ್ಟುಕೊಂಡವನೂ, ತನ್ನದೆಂಬಂತೆ ಮತ್ತೊಬ್ಬನಿಗೆ ಮಾರಿದವನೂ ಸರಕನ್ನು ಒಪ್ಪಿಕೊಂಡಂತೆ. ನನ್ನ ಜಾಣ ಸಲಹೆಯಿಂದ ಮೊದಲ ಮಣಕವನ್ನು ಹಿಂತಿರುಗಿಸುವ ಹಕ್ಕನ್ನು ನಾವೇ ಕಳೆದುಕೊಂಡೆವು. ಪರಿಹಾರ ಕೇಳುವ ಹಾದಿಯಷ್ಟೇ ಉಳಿದಿದೆ.

ನಮ್ಮ ಸಂಘಗಳು ನಾಟಕ ಆಡಿಸುತ್ತವೆ, ಗ್ರಂಥಾಲಯ ನಡೆಸುತ್ತವೆ. ಊರಿಗೆ ರಾಸು ಕೊಂಡು ಕಳಿಸುವ ಸದಸ್ಯನಿಗೆ ಕನ್ನಡದಲ್ಲಿ ಒಂದು ಪುಟದ ಕ್ರಯಪತ್ರದ ನಮೂನೆಯನ್ನೂ ಅಚ್ಚು ಹಾಕಿಸಿ ಕೊಡಲಿ. ಅದರಲ್ಲಿ ರಾಸಿನ ಕಿವಿಯ ಓಲೆಯ ಹನ್ನೆರಡು ಅಂಕಿಗಳು, ಹಲ್ಲು, ಸೂಲು, ಎಷ್ಟು ತಿಂಗಳ ಗಬ್ಬ, ಯಾವ ಉದ್ದೇಶಕ್ಕೆ ಕೊಂಡದ್ದು ಎಂಬ ವಿವರಗಳಿರಲಿ. ಕೊಳ್ಳುವವನು ತಾನೇ ಆರಿಸಿದ ಪಶುವೈದ್ಯರಿಂದ ಗಬ್ಬವನ್ನೂ ರಕ್ತವನ್ನೂ ಪರೀಕ್ಷೆ ಮಾಡಿಸಿದ ಮೇಲಷ್ಟೇ ಹಣ ಸಂದಾಯವಾಗಲಿ. 1978ರ ಪ್ರಾಣಿ ಸಾಗಣೆ ನಿಯಮಗಳಂತೆ ಲಾರಿಗೆ ಹತ್ತಿಸಲು ಕೊಡುವ ವೈದ್ಯರ ಪತ್ರ, ರಾಸು ಪ್ರಯಾಣಕ್ಕೆ ಯೋಗ್ಯ ಎನ್ನುವುದೇ ಹೊರತು ತಳಿಗೆ ಯೋಗ್ಯ ಎನ್ನುವುದಿಲ್ಲ. ಆ ಕಾಗದವನ್ನು ಬೀಸಿ ತೋರಿಸುವ ವ್ಯಾಪಾರಿಗೆ ತಲೆಯಾಡಿಸಬೇಡಿ. ಕ್ರಯದ ಒಂದು ಭಾಗ ಊರಿನ ವೈದ್ಯರ ಮರುಪರೀಕ್ಷೆಯ ತನಕ ನಿಮ್ಮ ಬಳಿಯೇ ಇರಲಿ. ಬಂದ ರಾಸನ್ನು ಮೂರು ನಾಲ್ಕು ವಾರ ಬೇರೆ ಕಟ್ಟಿ. ದೋಷ ಕಂಡ ವಾರದೊಳಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹೋಗಲಿ. ಫೋನಿನ ಸಂದೇಶಗಳನ್ನು ಅಳಿಸಬೇಡಿ. ಎಲ್ಲಕ್ಕಿಂತ ಮಿಗಿಲಾಗಿ, ಕೆಟ್ಟ ರಾಸನ್ನು ಬಾಯಿ ಮುಚ್ಚಿಕೊಂಡು ಮುಂದೆ ದಾಟಿಸಬೇಡಿ.

ಇಷ್ಟೆಲ್ಲ ಕೇಳಿದರೆ ಮಾರುವವನು ಮುನಿಸಿಕೊಳ್ಳುತ್ತಾನೆ, "ನಂಬಿಕೆಯಿಲ್ಲವೇ?" ಎನ್ನುತ್ತಾನೆ ಎಂಬ ಆಕ್ಷೇಪ ಬರಬಹುದು. ಮುನಿಸಿಕೊಳ್ಳಲಿ. ಪ್ರಾಮಾಣಿಕ ವ್ಯಾಪಾರಿಗೆ ಪರೀಕ್ಷೆಯಿಂದ ನಷ್ಟವಿಲ್ಲ, ಒಳ್ಳೆಯ ಹೆಸರೇ ಬರುತ್ತದೆ. ಬರೆದುಕೊಡಲು ಹಿಂಜರಿಯುವವನು ತನ್ನ ರಾಸಿನ ಬಗ್ಗೆ ಹೇಳಬೇಕಾದುದನ್ನು ಆ ಹಿಂಜರಿಕೆಯಲ್ಲಿಯೇ ಹೇಳಿರುತ್ತಾನೆ.

ಆ ಹಿರಿಯರನ್ನು ನಾನು ಇಂದಿಗೂ ಗೌರವಿಸುತ್ತೇನೆ. ಮುಂದಿನ ರಾಜ್ಯೋತ್ಸವದ ಪಂಕ್ತಿಯಲ್ಲಿ ಅವರ ಪಕ್ಕದಲ್ಲಿಯೇ ಕೂರುತ್ತೇನೆ. ಅವರು ಮತ್ತೆ ರಾಜಿಯ ಮಾತೆತ್ತಿದರೆ, ಹೋಬಳಿಯ ಆ ಹೆಣ್ಣುಮಗಳು ನಮ್ಮಿಬ್ಬರ ಎದುರಿನ ಎಲೆಗೆ ಕುಳಿತಿದ್ದಾಳೆಂದು ಭಾವಿಸಿ ಆ ಮಾತನ್ನು ಇನ್ನೊಮ್ಮೆ ಹೇಳಿರೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.